ಅಲ್ಲಿ ಯಾರ ಪಕ್ಕ?

ಹಾನುಬಾಳು,
೩ ಏಪ್ರಿಲ್ ೨೦೨೪

ಪ್ರೀತಿಯ ಸುಕುಮಾರಿ ಅಕ್ಕನವರಿಗೆ,

ಕರ್ತನ ಹೆಸರಿನಲ್ಲಿ ನಮಸ್ಕಾರ. ನಾನು ಮೋನಿಕಾ, ನಿಮ್ಮ ತಂಗಿ ರಶ್ಮಿತಾ ತೀರಿಕೊಂಡ ಮೇಲೆ ಸುರೇಂದ್ರ ಅವರನ್ನು ಮದುವೆಯಾದವಳು. ಮಂಡಿ ನೋವೆಂದು ಮದುವೆಗೆ ನೀವು ಬರಲಿಲ್ಲ, ಬೆಟಗೇರಿಯಿಂದ ನಿಮ್ಮ ಆಶೀರ್ವಾದದ ಕಾಗದ ಮಾತ್ರ ಬಂತು. ಅದಕ್ಕೆ ಉತ್ತರ ಬರೆಯಲು ನನಗೆ ಮೂರು ವರ್ಷ ಬೇಕಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಮಂದ, ಕಾಗದವೇ ವಾಸಿ ಎಂದು ಇವರು ಹೇಳಿದರು.

ಈಸ್ಟರ್ ಬೆಳಿಗ್ಗೆ ಸಕಲೇಶಪುರದ ಸಮಾಧಿ ತೋಟಕ್ಕೆ ಹೋಗಿದ್ದೆವು. ಇವರು ಕೆಲಸ ಮಾಡುವ ಕಾಫಿ ಎಸ್ಟೇಟಿನ ಜೀಪಿನಲ್ಲಿ ಕತ್ತಲಿರುವಾಗಲೇ ಹೊರಟೆವು. ಮದುವೆಯಾದ ಮೇಲೆ ನಾನು ಹೋದದ್ದು ಇದೇ ಮೊದಲು. ಹಿಂದಿನ ವರ್ಷಗಳಲ್ಲಿ ಒಮ್ಮೆ ನನಗೆ ಜ್ವರ, ಆಮೇಲೆ ಆಲೂರಿನಲ್ಲಿ ಅಪ್ಪನ ಕಾಯಿಲೆ ಅಂತ ತಪ್ಪಿತ್ತು. ಎಲ್ಲರೂ ತಮ್ಮ ತಮ್ಮವರ ಸಮಾಧಿಯ ಬಳಿ ಮೇಣದ ಬತ್ತಿ ಹಚ್ಚಿಕೊಂಡು ಪೂರ್ವದ ಕಡೆ ಮುಖ ಮಾಡಿ ನಿಂತಿದ್ದರು. ನಾನು ಇವರ ಪಕ್ಕ ನಿಂತಿದ್ದೆ. ಬೆಳಕು ಹರಿದ ಮೇಲೆ ಕಲ್ಲಿನ ಮೇಲಿನ ಅಕ್ಷರ ಕಾಣಿಸಿತು. ಎಡಕ್ಕೆ ರಶ್ಮಿತಾ ಅವರ ಹೆಸರು. ಬಲಕ್ಕೆ ಸುರೇಂದ್ರ ಎಂದು ಇವರ ಹೆಸರು, ಹುಟ್ಟಿದ ವರ್ಷ, ಒಂದು ಗೆರೆ, ಅದರ ಮುಂದೆ ಖಾಲಿ. ಹೆಸರಿನವರು ನನ್ನ ಪಕ್ಕದಲ್ಲೇ ನಿಂತು, ಕ್ರಿಸ್ತನು ಎದ್ದಿದ್ದಾನೆ ಎಂದು ಗಟ್ಟಿಯಾಗಿ ಹಾಡುತ್ತಿದ್ದರು.

ಕೆಲಸ ಬಹಳ ಅಚ್ಚುಕಟ್ಟಾಗಿದೆ. ಯಾರ ಕೈಯಲ್ಲಿ ಮಾಡಿಸಿದ್ದು? ನೀವು ಆ ಆಶೀರ್ವಾದದ ಕಾಗದದಲ್ಲಿ ಕೇಳಿದ್ದಂತೆ ನಿಮ್ಮ ಹೆಸರಿನಲ್ಲಿ ಬಿಳಿ ಸೇವಂತಿಗೆ ಇಟ್ಟೆ. ರಶ್ಮಿತಾ ಅವರ ಬಗ್ಗೆ ಬಿಡುವಾದಾಗ ಸ್ವಲ್ಪ ಬರೆಯಿರಿ. ಇವರು ಏನೂ ಹೇಳುವುದಿಲ್ಲ. ತಿಳಿದುಕೊಳ್ಳುವ ಆಸೆ, ಅಷ್ಟೇ.

ನಿಮ್ಮ
ಮೋನಿಕಾ


ಬೆಟಗೇರಿ,
೧೭ ಏಪ್ರಿಲ್ ೨೦೨೪

ಶ್ರೀಮತಿ ಮೋನಿಕಾ ಅವರಿಗೆ,

ನಿಮ್ಮ ಕಾಗದ ಓದಿ ಕಣ್ಣು ತುಂಬಿತು. ಎರಡನೆಯ ಹೆಂಡತಿಯಾಗಿ ಬಂದವಳು ಮೊದಲನೆಯವಳ ಸಮಾಧಿಗೆ ಹೂವಿಟ್ಟು, ಅವಳ ಬಗ್ಗೆ ತಿಳಿಸಿ ಎಂದು ಕೇಳುವುದು ಎಷ್ಟು ದೊಡ್ಡ ಮನಸ್ಸು! ನಾನು ನಿಮ್ಮನ್ನು ನೀನು ಎಂದೇ ಕರೆಯುತ್ತೇನೆ, ವಯಸ್ಸಿನಲ್ಲಿ ನನ್ನ ಮಗಳಂತಿದ್ದೀಯ.

ರಶ್ಮಿತಾ ನನಗಿಂತ ಹದಿನೈದು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿದವಳು. ನಾನು ನರ್ಸಾಗಿ ಊರೂರು ತಿರುಗಿದೆ, ಅವಳು ರೈಟರ್ ಸುರೇಂದ್ರನ ಕೈ ಹಿಡಿದು ಎಸ್ಟೇಟ್ ಸೇರಿದಳು. ಆಳುಗಳ ಹಾಜರಿ ಬರೆಯುವವನ ಹೆಂಡತಿ ಲೈನ್ ಮನೆಗಳ ಕಡೆ ಕಾಲಿಡುವುದಿಲ್ಲ ಎಂಬ ಕಾಲದಲ್ಲಿ ಅವಳು ಕೂಲಿಯವರ ಬಾಗಿಲಿಗೇ ಹೋಗಿ ಕೂರುತ್ತಿದ್ದಳು. ನಂಜಮ್ಮ ಅಂತ ಇದ್ದಾಳಲ್ಲ, ಅವಳ ಕಿರಿಮಗಳು ಶಿವಲೀಲಾ ಎಂಟು ವರ್ಷದವಳು ಜ್ವರದಲ್ಲಿ ಹೋದಾಗ ಮಗುವಿಗೆ ಸ್ನಾನ ಮಾಡಿಸಿ ಬಟ್ಟೆ ಉಡಿಸಿದ್ದು ರಶ್ಮಿತಾ. ಅವತ್ತು ನಂಜಮ್ಮನ ಪಕ್ಕ ಕೂತು ಅವಳು ಯೇಸುಸ್ವಾಮಿಯ ವಿಷಯ ಹೇಳಿದ್ದು. ಒತ್ತಾಯವಿಲ್ಲ, ಭಾಷಣವಿಲ್ಲ. ಆ ಹೆಂಗಸು ಇವತ್ತಿಗೂ ಶನಿವಾರದ ಪ್ರಾರ್ಥನೆಗೆ ಬರುತ್ತಾಳೆಂದು ಕೇಳಿದ್ದೇನೆ.

ಅವಳ ಕೊನೆಯ ದಿನಗಳ ಕಥೆ ಚರ್ಚಿನ ಸಭೆಯಲ್ಲಿ ಎಲ್ಲರ ಬಾಯಲ್ಲೂ ಇದೆ, ನೀನೂ ಕೇಳಿರುತ್ತೀ. ಹಾಸಿಗೆಯಲ್ಲಿ ಮಲಗಿಯೇ ಹಾಡಿದಳು. ನೋಡಲು ಬಂದವರಿಗೆ ಅವಳೇ ಧೈರ್ಯ ಹೇಳಿದಳು. ಚರ್ಚು ಬಿಟ್ಟಿದ್ದ ಎಷ್ಟೋ ಜನ ಅವಳನ್ನು ನೋಡಿದ ಮೇಲೆ ವಾಪಸ್ ಬಂದರು.

ಕಲ್ಲಿನ ವಿಷಯ ಇನ್ನು ಯಾವಾಗಲಾದರೂ ಬರೆಯುತ್ತೇನೆ.

ಸುಕುಮಾರಿ


ಹಾನುಬಾಳು,
೯ ಜೂನ್ ೨೦೨೪

ಪ್ರೀತಿಯ ಅಕ್ಕ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲಿಲ್ಲ.

ಶನಿವಾರದ ಪ್ರಾರ್ಥನೆ ಈಗ ನಾನು ನಡೆಸುತ್ತಿದ್ದೇನೆ. ನಮ್ಮ ಕ್ವಾರ್ಟರ್ಸ್ ಜಗಲಿಯಲ್ಲಿ ಲೈನಿನ ಹೆಂಗಸರು ಏಳೆಂಟು ಮಂದಿ ಕೂರುತ್ತಾರೆ. ನಂಜಮ್ಮ ಬಾಗಿಲ ಹತ್ತಿರ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಾಳೆ. ನಾನು ಬೈಬಲ್ ವಾಕ್ಯ ಓದಿ ವಿವರಿಸಿ, ಹಾಡು ಹೇಳಿಕೊಟ್ಟು, ಕಾಫಿ ಮಾಡಿಕೊಟ್ಟು ಕಳಿಸುತ್ತೇನೆ. ಹೋಗುವಾಗ ಅವರಾಡುವ ಮಾತು ಕೇಳಿ: "ರೈಟರಮ್ಮೋರು ಇದ್ದಿದ್ರೆ ಇವತ್ತು ಎಂಗ್ ಹಾಡೋರು!" ರೈಟರಮ್ಮ ಅಂದರೆ ಅವರು. ನಾನು ಹೊಸಮ್ಮ. ಮೂರು ವರ್ಷವಾಯಿತು ಅಕ್ಕ, ಇನ್ನೂ ಹೊಸಮ್ಮ. ಎಸ್ಟೇಟಿಗೆ ಆಮೇಲೆ ಬಂದ ನಾಯಿಯನ್ನು ಕೂಡ ಈಗ ಯಾರೂ ಹೊಸ ನಾಯಿ ಅನ್ನುವುದಿಲ್ಲ. ನನ್ನ ಗಂಟಲೇನೂ ಅಷ್ಟು ಕೆಟ್ಟದ್ದಲ್ಲ. ಆಲೂರಿನಲ್ಲಿ ಕ್ರಿಸ್ಮಸ್ ಹಾಡಿಗೆ ನನ್ನನ್ನೇ ಮುಂದೆ ನಿಲ್ಲಿಸುತ್ತಿದ್ದರು.

ಇರಲಿ. ನಿಮ್ಮಿಂದ ಒಂದು ಸಹಾಯ ಬೇಕು. ಇಲ್ಲಿನ ಒಬ್ಬ ಹೆಂಗಸಿಗೆ ಒಂದು ಸಂದೇಹ. ಅವಳ ಗಂಡನಿಗೆ ಅವಳು ಎರಡನೆಯವಳು. ಸತ್ತ ಮೇಲೆ ಸ್ವರ್ಗದಲ್ಲಿ ಎಲ್ಲರೂ ಸೇರುತ್ತಾರಲ್ಲ, ಆಗ ಅವನು ಯಾರ ಪಕ್ಕ ನಿಲ್ಲುತ್ತಾನೆ ಎಂದು ಕೇಳುತ್ತಾಳೆ. ನಿತ್ಯಜೀವ ಅಂದರೆ ಮುಗಿಯುವುದೇ ಇಲ್ಲ. ಮುಗಿಯದಷ್ಟು ಕಾಲ ಅವರಿಬ್ಬರನ್ನು ನೋಡಿಕೊಂಡು ನಿಂತಿರಬೇಕಾ ಎಂಬುದು ಅವಳ ಚಿಂತೆ. ನಮ್ಮ ಪಾಸ್ಟರ್ ಅವರನ್ನು ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನೀವು ತಿಳಿದವರು, ಅವಳಿಗೆ ಏನು ಹೇಳಲಿ?

ಮೋನಿಕಾ


ಬೆಟಗೇರಿ,
೨೮ ಜೂನ್ ೨೦೨೪

ಪ್ರಿಯ ಮೋನಿಕಾ,

ಆ ಹೆಂಗಸಿನ ಪ್ರಶ್ನೆ ಹೊಸದೇನಲ್ಲ. ಸುವಾರ್ತೆಯಲ್ಲೇ ಇದೆ, ನೋಡು. ಏಳು ಗಂಡಂದಿರನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಕಥೆ ಕಟ್ಟಿಕೊಂಡು ಕೆಲವರು ಬಂದು, ಪುನರುತ್ಥಾನದಲ್ಲಿ ಅವಳು ಯಾರ ಹೆಂಡತಿ ಎಂದು ಕರ್ತನನ್ನು ಸಿಕ್ಕಿಹಾಕಿಸಲು ನೋಡುತ್ತಾರೆ. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂಬ ಉತ್ತರ ಬರುತ್ತದೆ. ಆ ಭಾಗ ಓದಿ ಹೇಳು, ಸಾಕು. ನಿತ್ಯತ್ವದ ಕಡೆಗೆ ಕಣ್ಣಿಟ್ಟವರಿಗೆ ಇಂಥ ಸಣ್ಣ ಲೆಕ್ಕ ಉಳಿಯಬಾರದು.

ಹಾಡಿನ ವಿಷಯದಲ್ಲಿ ನೀನು ಬೇಸರಪಡಬೇಡ. ರಶ್ಮಿತಾಳಂಥ ಕಂಠ ಎಲ್ಲರಿಗೂ ಬರುವುದಿಲ್ಲ. ಅವಳು ಹಾಡಿದರೆ ಕಣದಲ್ಲಿ ಕಾಫಿ ಹರವುವ ಆಳುಗಳೂ ಕೆಲಸ ನಿಲ್ಲಿಸುತ್ತಿದ್ದರಂತೆ. ನಿನ್ನ ಕೈಲಾದಷ್ಟು ಮಾಡು, ದೇವರು ಮನಸ್ಸು ನೋಡುತ್ತಾನೆ.

ಆ ಹೆಂಗಸು ಯಾರು? ರಶ್ಮಿತಾ ಇದ್ದಿದ್ದರೆ ಒಂದೇ ಮಾತಿನಲ್ಲಿ ಅವಳ ಕಣ್ಣೀರು ಒರೆಸುತ್ತಿದ್ದಳು.

ಸುಕುಮಾರಿ


ಹಾನುಬಾಳು,
೨ ಸೆಪ್ಟೆಂಬರ್ ೨೦೨೪

ಸುಕುಮಾರಿ ಅಕ್ಕನವರಿಗೆ,

ಆ ಹೆಂಗಸು ನಾನೇ. ನಿಮಗೆ ಗೊತ್ತಾಗಲಿಲ್ಲವೆಂದರೆ ನಂಬಲು ಕಷ್ಟ. ಗೊತ್ತಾಗಿಯೂ "ನಿನ್ನ ಕೈಲಾದಷ್ಟು ಮಾಡು" ಎಂದು ಬರೆದಿದ್ದರೆ ಅದಕ್ಕೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ನೀವು ಹೇಳಿದ ಭಾಗವನ್ನು ಮೊನ್ನೆ ಶನಿವಾರ ಓದಿದೆ. ಓದುವಾಗ ನನಗೆ ಎಷ್ಟು ಸುಖವಾಯಿತೆಂದರೆ ಹೇಳಲಾರೆ. ಎಂದೂ ಹಾಗೆ ಗಟ್ಟಿಯಾಗಿ ಓದಿದವಳಲ್ಲ. ಸುರೇಂದ್ರ ಒಳಗೆ ಹಾಜರಿ ಪುಸ್ತಕ ಹಿಡಿದು ಕೂತಿದ್ದರು, ಅವರಿಗೂ ಕೇಳಲಿ ಎಂದೇ ಓದಿದೆ. "ಅಲ್ಲಿ ಯಾರೂ ಯಾರಿಗೂ ಹೆಂಡತಿಯಲ್ಲ, ಗಂಡನಲ್ಲ. ಇಲ್ಲಿನ ಸಂಬಂಧ ಎಲ್ಲ ಇಲ್ಲಿಗೇ ಮುಗಿಯಿತು" ಎಂದು ವಿವರಿಸಿದೆ. ಎರಡನೆಯ ಮಾತು ವಾಕ್ಯದಲ್ಲಿ ಇಲ್ಲ. ಅದನ್ನು ನಾನು ಸೇರಿಸಿದೆ.

ಬಾಗಿಲ ಹತ್ತಿರ ನಂಜಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಹಂಗಾದ್ರೆ ನನ್ ಲೀಲ?" ಅಂದಳು.

"ಏನು?"

"ನನ್ ಮಗ ನಂಗೆ ಸಿಕ್ಕಲ್ವಾ? ರೈಟರಮ್ಮೋರು ಯೋಳಿದ್ರು, ಮಗ ಸ್ವಾಮಿ ತಾವ ಐತೆ, ನೀನು ಹೋದಾಗ ಸಿಕ್ತದೆ ಅಂತ. ಈಗ ಆವಮ್ಮನೂ ಹೋದ್ರು. ನನ್ ಲೀಲನ್ನ ಅವ್ರು ಅಲ್ಲಿ ನೋಡ್ಕತಾವ್ರೆ ಅಂತ ನಾನು ಅನ್ಕಂಡಿವ್ನಿ. ಅವ್ರು ಸಿಗ್ತಾರೋ ಇಲ್ವೋ ಅಷ್ಟು ಯೋಳಿ."

ನೋಡಿ ಅಕ್ಕ, ಅಲ್ಲಿ ನಿಮ್ಮ ತಂಗಿಗೆ ಒಂದು ಮಗುವೂ ಇದೆ! ನನಗೆ ಇಲ್ಲಿಯೂ ಇಲ್ಲ. "ಗೊತ್ತಿಲ್ಲ ನಂಜಮ್ಮ, ವಾಕ್ಯದಲ್ಲಿ ಹಾಗೆ ಬರೆದಿಲ್ಲ" ಅಂದೆ.

ಅವಳು ಸೆರಗು ಕೊಡವಿ ಎದ್ದಳು. "ಯಾರೂ ಯಾರ್ಗೂ ಏನೂ ಅಲ್ಲ ಅಂದ್ರೆ ಅಂಥಾ ಊರ್ಗೆ ನಾನ್ಯಾಕ್ ಬರ್ಲಿ ಹೊಸಮ್ಮಾರೆ? ಇಲ್ಲೇ ವಾಸಿ ಕಣ್ ಬುಡಿ" ಅಂದು ಹೊರಟಳು. ಕಾಫಿಯನ್ನೂ ಕುಡಿಯಲಿಲ್ಲ. ಅವಳ ಹಿಂದೆಯೇ ಇನ್ನೂ ಮೂವರು ಎದ್ದರು. ಅವರೆಲ್ಲ ಯಾರನ್ನಾದರೂ ಮಣ್ಣು ಮಾಡಿ ಬಂದವರೇ.

ರಾತ್ರಿ ಊಟಕ್ಕೆ ಕೂತಾಗ ಸುರೇಂದ್ರ ತಟ್ಟೆ ನೋಡಿಕೊಂಡು, "ಆ ಭಾಗ ಯಾಕೆ ಆರಿಸಿದೆ ಅಂತ ನನಗೆ ಗೊತ್ತು" ಅಂದರು. ನಾನೂ ಕೇಳಿಯೇಬಿಟ್ಟೆ: "ಹೇಳಿ, ಅಲ್ಲಿ ಯಾರ ಪಕ್ಕ ನಿಲ್ಲುತ್ತೀರಿ?" "ಅಲ್ಲಿಗೆ ಹೋದ್ಮೇಲೆ ನೋಡೋಣ, ಈಗ ಸಾರು ಬಡಿಸು" ಅಂದರು. ನಗಿಸಲು ಅಂದ ಮಾತು. ನನಗೆ ನಗು ಬರಲಿಲ್ಲ.

ನನಗೆ ನಿಮ್ಮ ತಂಗಿಯನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರು ಬದುಕಿದ್ದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಸತ್ತವರಿಗೆ ವಯಸ್ಸಾಗುವುದಿಲ್ಲ, ಅವರು ಸಿಡುಕುವುದಿಲ್ಲ, ಸಾರಿಗೆ ಉಪ್ಪು ಜಾಸ್ತಿ ಹಾಕುವುದಿಲ್ಲ. ಅಂಥವರ ಜೊತೆ ನಾನು ಹೇಗೆ ಏಗಲಿ?

ಮೋನಿಕಾ


ಬೆಟಗೇರಿ,
೧೦ ಸೆಪ್ಟೆಂಬರ್ ೨೦೨೪

ಶ್ರೀಮತಿ ಮೋನಿಕಾ ಸುರೇಂದ್ರ ಅವರಿಗೆ,

ನಿಮ್ಮ ಕಾಗದ ತಲುಪಿತು. ಸತ್ತವಳ ಮೇಲಿನ ಮತ್ಸರಕ್ಕೆ ನೀವು ಒಬ್ಬ ತಾಯಿಯ ಎದೆಯಿಂದ ಅವಳ ಮಗುವನ್ನು ಕಿತ್ತುಕೊಂಡಿದ್ದೀರಿ. ಅದೂ ಕರ್ತನ ಮಾತನ್ನೇ ಹಿಡಿದುಕೊಂಡು. ನನ್ನ ತಂಗಿ ಎಷ್ಟೋ ವರ್ಷ ಆ ಲೈನುಗಳಲ್ಲಿ ನಡೆದು ಕಟ್ಟಿದ್ದನ್ನು ಒಂದು ಸಂಜೆಯಲ್ಲಿ ಕೆಡವಿದಿರಿ.

ನೀವು ದೊಡ್ಡ ಮನಸ್ಸಿನವರೆಂದು ನಂಬಿದ್ದು ನನ್ನ ಪೆದ್ದುತನ. ಇನ್ನು ಮುಂದೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಸಮಾಧಿಗೆ ಹೂವಿಡುವುದೂ ಬೇಡ.

ಸುಕುಮಾರಿ


ಹಾನುಬಾಳು,
೨೦ ಜನವರಿ ೨೦೨೫

ಸುಕುಮಾರಿ ಅಕ್ಕನವರಿಗೆ,

ಬರೆಯಬೇಡ ಎಂದಿದ್ದಿರಿ. ನಾಲ್ಕು ತಿಂಗಳು ಬರೆಯಲಿಲ್ಲ. ಇದು ನನಗಾಗಿ ಬರೆಯುತ್ತಿರುವುದಲ್ಲ, ನಂಜಮ್ಮನಿಗಾಗಿ.

ಅವಳು ಮತ್ತೆ ಪ್ರಾರ್ಥನೆಗೆ ಬರಲಿಲ್ಲ. ಕ್ರಿಸ್ಮಸ್‌ಗೆ ಕೇಕು ಕೊಡಲು ಹೋದೆ, ತೆಗೆದುಕೊಂಡು "ಬತ್ತೀನಿ ಬುಡಿ" ಅಂದಳು, ಬರಲಿಲ್ಲ. ಈಗ ಬರುವ ಸ್ಥಿತಿಯಲ್ಲಿಲ್ಲ. ಹೊಟ್ಟೆ ಊದಿಕೊಂಡಿದೆ, ಕಣ್ಣು ಹಳದಿ. ಹಾಸನಕ್ಕೆ ಕರೆದುಕೊಂಡು ಹೋಗಿದ್ದ ಮಗ ಮಂಜುನಾಥ ಮೊನ್ನೆ ವಾಪಸ್ ಕರೆತಂದ. ಲಿವರ್ ಪೂರ್ತಿ ಹೋಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದರಂತೆ. ಕುಯ್ಲಿನ ಸಮಯ, ಎಲ್ಲರೂ ತೋಟದಲ್ಲಿ. ಹಗಲೆಲ್ಲ ಅವಳೊಬ್ಬಳೇ ಮಲಗಿರುತ್ತಾಳೆ.

ನಿನ್ನೆ ಗಂಜಿ ತೆಗೆದುಕೊಂಡು ಹೋಗಿದ್ದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಮುಖ ತಿರುಗಿಸದೆಯೇ, "ರೈಟರಮ್ಮೋರು ಸುಳ್ಳು ಯೋಳಿದ್ರಾ ಹೊಸಮ್ಮಾರೆ?" ಅಂದಳು. ಅಷ್ಟೇ. ನಾಲ್ಕು ತಿಂಗಳು ಅವಳು ಅದನ್ನೇ ನೆನೆಸುತ್ತಿದ್ದಳೆಂದು ಕಾಣುತ್ತದೆ.

ಇಲ್ಲ ಅನ್ನಬೇಕಿತ್ತು. ಬಾಯಿ ಬರಲಿಲ್ಲ ಅಕ್ಕ. ಅವರು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುವುದಕ್ಕೆ ಸಾಯುವವಳ ಮುಂದೆಯೂ ನನಗೆ ಆಗಲಿಲ್ಲ. ಗಂಜಿ ಇಟ್ಟು ಬಂದೆ. ಸ್ವರ್ಗವಿದೆ ಎಂದು ನಾನು ನಂಬುತ್ತೇನೆ. ಆದರೆ ಅದರ ಬಾಗಿಲಲ್ಲಿ ನಿಮ್ಮ ತಂಗಿ ನಿಂತಿರುತ್ತಾರೆ, ಬಿಳಿ ಬಟ್ಟೆ ಉಟ್ಟು, ಹಾಡಿಕೊಂಡು. ಯಾರನ್ನಾದರೂ ಅಲ್ಲಿಗೆ ಬನ್ನಿ ಎಂದು ಕರೆದರೆ ಅವರ ಮನೆಗೇ ಕರೆದಂತೆ ಅನ್ನಿಸುತ್ತದೆ. ನನ್ನ ಮನೆ ಅಂತ ಎಲ್ಲೂ ಇಲ್ಲ.

ನಂಜಮ್ಮನಿಗೆ ಹೆಚ್ಚು ದಿನವಿಲ್ಲ. ನೀವಾದರೂ ಅವಳಿಗೆ ಎರಡು ಸಾಲು ಬರೆಯಿರಿ, ಓದಿ ಹೇಳುತ್ತೇನೆ. ರಶ್ಮಿತಾ ಅವರ ಅಕ್ಕ ಎಂದರೆ ನಂಬುತ್ತಾಳೆ.

ಮೋನಿಕಾ


ಬೆಟಗೇರಿ,
೨೭ ಜನವರಿ ೨೦೨೫

ಮೋನಿಕಾ,

ನಂಜಮ್ಮನಿಗೆ ನಾನು ಬರೆಯುವುದಿಲ್ಲ. ಕೆಡಿಸಿದವಳು ನೀನು, ನೀನೇ ಹೋಗಿ ಸರಿಮಾಡಬೇಕು. ಆದರೆ ನಿನ್ನನ್ನು ಹಾಗೇ ಕಳಿಸಿದರೆ ನೀನು ಹೋಗಲಾರೆ ಎಂಬುದು ನನಗೆ ಈ ಕಾಗದದಿಂದ ತಿಳಿಯಿತು. ಆದ್ದರಿಂದ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಬರೆಯುತ್ತೇನೆ. ಸುರೇಂದ್ರನಿಗೂ ಇದೆಲ್ಲ ಪೂರ್ತಿ ಗೊತ್ತಿಲ್ಲ.

ರಶ್ಮಿತಾ ಹಾಡಿದ್ದು ನಿಜ. ಜನ ನೋಡಲು ಬಂದಾಗ ಹಾಡುತ್ತಿದ್ದಳು. ಜನ ಎದ್ದು ಹೋದ ಮೇಲೆ ಏನು ಮಾಡುತ್ತಿದ್ದಳೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದಿಂಬು ಕಚ್ಚಿಕೊಂಡು ಅಳುತ್ತಿದ್ದಳು. ನೋವಿಗಲ್ಲ. "ನಾನು ಹೋದ ವರ್ಷದೊಳಗೆ ಯಾವಳೋ ಬಂದು ನನ್ನ ಅಡುಗೆಮನೆಯಲ್ಲಿ ನಿಲ್ತಾಳೆ ಅಕ್ಕ. ನನ್ನ ಡಬ್ಬಿಗಳನ್ನೆಲ್ಲ ಬೇರೆ ಕಡೆ ಇಡ್ತಾಳೆ. ಅವಳು ಎಂಥವಳಾದ್ರೂ ಆಗಲಿ, ಹಾಡೋದಕ್ಕೆ ಮಾತ್ರ ಬರಬಾರದು" ಅನ್ನುತ್ತಿದ್ದಳು. ನಿನ್ನ ಹೆಸರು ಕೇಳದೆ, ಮುಖ ನೋಡದೆ ನಿನ್ನ ಮೇಲೆ ಅವಳು ಪಟ್ಟ ಹೊಟ್ಟೆಕಿಚ್ಚನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆ ಕಲ್ಲು ಸುರೇಂದ್ರನ ಯೋಚನೆಯಲ್ಲ. ಅವಳು ಬದುಕಿರುವಾಗಲೇ ಹಟ ಹಿಡಿದು ಮಾಡಿಸಿದಳು. ಅವನ ಹೆಸರು ಕೆತ್ತಿದ ಫೋಟೋ ಮೊಬೈಲಿನಲ್ಲಿ ತಂದು ತೋರಿಸುವವರೆಗೆ ಮಾತ್ರೆ ನುಂಗಲಿಲ್ಲ. ಅವನ ಪಕ್ಕ ಇನ್ನೊಬ್ಬಳು ಮಲಗಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಕೊನೆಗೆ ಮನಸ್ಸು ಬದಲಾಯಿತೇ ಎಂದು ಕೇಳುತ್ತೀಯ. ಇಲ್ಲ. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. "ಕರ್ತನು ಕ್ಷಮಿಸಲಿ, ನನಗೆ ಆಗ್ತಿಲ್ಲ" ಎಂದಳು. ಹಾಗೆಯೇ ಹೋದಳು. ಅವಳು ಹೋದದ್ದು ಎಲ್ಲಿಗೆ ಎಂಬುದರಲ್ಲಿ ನನಗೆ ಒಂದು ಕ್ಷಣವೂ ಅನುಮಾನವಿಲ್ಲ. ಒಳ್ಳೆಯವಳಾದದ್ದಕ್ಕೆ ಒಳಗೆ ಬಿಟ್ಟರು ಎಂದುಕೊಂಡಿದ್ದೀಯಾ? ಅವಳನ್ನು ಒಳಗೆ ಬಿಟ್ಟದ್ದು ಕೃಪೆ. ನಿನ್ನನ್ನು ಬಿಡುವುದಾದರೆ ಅದೂ ಕೃಪೆಯೇ. ಬಾಗಿಲಲ್ಲಿ ನಿಂತಿರುವವಳು ಅವಳಲ್ಲ, ಮನೆಯೂ ಅವಳದ್ದಲ್ಲ.

ಅಲ್ಲಿ ಮದುವೆಯಿಲ್ಲ ಎಂದರೆ ಗುರುತೂ ಇಲ್ಲ ಎಂದಲ್ಲ ಮೋನಿಕಾ. ಒಬ್ಬರಿಗೆ ಪ್ರೀತಿ ಕೊಟ್ಟರೆ ಇನ್ನೊಬ್ಬರ ಪಾಲು ಕಡಿಮೆಯಾಗುವುದು ಇಲ್ಲಿಯ ತಾಪತ್ರಯ. ಅಲ್ಲಿ ಅದಿರುವುದಿಲ್ಲ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ಇಲ್ಲದಿದ್ದರೆ ನನಗೂ ಅಲ್ಲಿಗೆ ಹೋಗುವ ಆಸೆ ಇರುತ್ತಿರಲಿಲ್ಲ.

ಇನ್ನೊಂದು. ನಾನು ನಿನ್ನ ಮದುವೆಗೆ ಬರದಿದ್ದದ್ದು ಮಂಡಿ ನೋವಿಗಲ್ಲ. ಅವಳ ಜಾಗದಲ್ಲಿ ನಿನ್ನನ್ನು ನೋಡಲಾಗುತ್ತಿರಲಿಲ್ಲ. ಕಾಗದಗಳಲ್ಲಿ ಅವಳನ್ನು ಅಷ್ಟೊಂದು ಹೊಗಳಿದ್ದೂ ಪೂರ್ತಿ ಮುಗ್ಧತೆಯಿಂದಲ್ಲ.

ಈ ಕಾಗದ ಕೈಗೆ ಬಂದ ಕೂಡಲೆ ಹೋಗು. ಕೈ ತೊಳೆದುಕೊಂಡು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅನ್ನಬೇಡ.

ಸುಕುಮಾರಿ


ಹಾನುಬಾಳು,
೨೩ ಫೆಬ್ರವರಿ ೨೦೨೫

ಅಕ್ಕ,

ನಿಮ್ಮ ಕಾಗದ ಬಂದಾಗ ದೋಸೆ ಹಿಟ್ಟಿನಲ್ಲಿ ಕೈಯಿತ್ತು. ಓದಿ ಮುಗಿಸಿದವಳು ಕೈ ತೊಳೆಯದೆಯೇ ಲೈನಿನ ಕಡೆ ಹೋದೆ. ದಾರಿಯಲ್ಲಿ ನಗು ಬಂತು. ನಿಮ್ಮ ತಂಗಿ ನನ್ನ ಗಂಟಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರಲ್ಲ ಎಂದು. ಅಷ್ಟು ದಿನದಲ್ಲಿ ಮೊದಲ ಸಲ ಅವರು ನನಗೆ ಒಬ್ಬ ಹೆಂಗಸಾಗಿ ಕಂಡರು.

ಮಂಜುನಾಥ ಬಾಗಿಲಲ್ಲೇ ತಡೆದ. "ಅಮ್ಮೋರೆ, ಅವ್ವನ ತಲೆಗೆ ಏನೇನೋ ತುಂಬಬ್ಯಾಡಿ. ಅವತ್ತಿಂದ ಸರ್ಯಾಗಿ ನಿದ್ದೆ ಮಾಡಿಲ್ಲ ಅವ್ಳು. ನಮ್ ದೇವ್ರು ನಮಗೈತೆ" ಅಂದ. ಅವನು ಹೇಳಿದ್ದು ನ್ಯಾಯವೇ. "ತುಂಬೋಕೆ ಬಂದಿಲ್ಲ ಕಣೋ, ನಾನು ಆಡಿದ ಒಂದು ಮಾತು ವಾಪಸ್ ತಗೊಳ್ಳೋಕೆ ಬಂದಿದೀನಿ. ನೀನೂ ಕೂತು ಕೇಳು" ಅಂದೆ. ಅವನು ಪಕ್ಕಕ್ಕೆ ಸರಿದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತ.

ನಂಜಮ್ಮ ಬಹಳ ಇಳಿದುಹೋಗಿದ್ದಳು. ಹತ್ತಿರ ಕೂತು, "ರೈಟರಮ್ಮೋರು ಸುಳ್ಳು ಹೇಳಿರಲಿಲ್ಲ ನಂಜಮ್ಮ. ತಪ್ಪು ಹೇಳಿದ್ದು ನಾನು. ಲೀಲಾ ಸಿಗ್ತಾಳೆ. ಅವರೂ ಸಿಗ್ತಾರೆ" ಅಂದೆ.

ಅವಳು ನನ್ನ ಕಡೆ ತಿರುಗಿದಳು. "ಮತ್ತೆ ಅವತ್ಯಾಕ್ ಹಂಗಂದ್ರಿ?"

"ಹೊಟ್ಟೆಕಿಚ್ಚಿಗೆ."

"ಯಾರ್ ಮ್ಯಾಲೆ?"

"ರೈಟರಮ್ಮೋರ ಮೇಲೆ."

"ಅಯ್ಯೋ ಶಿವನೇ, ಸತ್ತೋರ್ ಮ್ಯಾಲಾ!" ಅಂದಳು. ನಗಲು ಹೋಗಿ ಕೆಮ್ಮು ಬಂತು. ನೀರು ಕುಡಿಸಿದೆ. ಮತ್ತೆ ನಕ್ಕಳು. ಹೊಸ್ತಿಲ ಮೇಲೆ ಮಂಜುನಾಥನೂ ತಲೆ ತಗ್ಗಿಸಿ ನಗುತ್ತಿದ್ದ. ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಆಮೇಲೆ ಅವಳು ಗಂಭೀರವಾದಳು. "ನಾನು ಚರ್ಚ್ ಕಡೆ ಬಂದೋಳಲ್ಲ. ಬಾಗ್ಲಲ್ಲ್ ಕೂತು ಕಾಫಿ ಕುಡ್ದು ಹೋದೋಳು. ನನ್ನ ಅಲ್ಲಿ ಒಳಗ್ ಬುಟ್ಕತಾರಾ?"

ನಾನು ಅವಳಿಗೆ ಉಪದೇಶ ಮಾಡಲಿಲ್ಲ ಅಕ್ಕ. ನೀವು ಬರೆದದ್ದನ್ನೇ ನನ್ನ ಮಾತಿನಲ್ಲಿ ಹೇಳಿದೆ. ಒಳಗೆ ಬಿಡುವುದು ನಮ್ಮ ಒಳ್ಳೆಯತನ ನೋಡಿ ಅಲ್ಲ, ಹಾಗಿದ್ದಿದ್ದರೆ ನಾನೂ ಹೊರಗೇ, ರೈಟರಮ್ಮೋರೂ ಹೊರಗೇ. ನಮ್ಮ ಪಾಪ ಹೊತ್ತು ಸತ್ತು ಎದ್ದವನು ಒಬ್ಬನಿದ್ದಾನೆ, ಬಾಗಿಲು ಅವನದು, ಕರೆದವರನ್ನು ಅವನು ತಳ್ಳುವುದಿಲ್ಲ. ನಿನಗೆ ಇಷ್ಟವಿದ್ದರೆ ಕರೆ ಅಂದೆ. ಇಷ್ಟು ವರ್ಷ ಪ್ರಾರ್ಥನೆ ನಡೆಸಿದ್ದರಲ್ಲಿ ಈ ಮಾತುಗಳನ್ನು ನಾನು ನಂಬಿಕೊಂಡು ಆಡಿದ್ದು ಅವತ್ತೇ.

ಅವಳು ಹೊಸ್ತಿಲ ಕಡೆ ನೋಡಿದಳು. "ಕರೀಲೇನ್ಲಾ ಮಂಜ?" ಅಂದಳು. "ನಿನ್ ಇಷ್ಟ ಕಣವ್ವ" ಅಂದ ಅವನು. ನಂಜಮ್ಮ ಕಣ್ಣು ಮುಚ್ಚಿ, "ಬಾರಪ್ಪ. ಬಂದು ಕರ್ಕಂಡೋಗು. ನಮ್ ಲೀಲನ್ನೂ ಜೊತೇಲ್ ಕರ್ಕಂಡ್ ಬಾ, ನಂಗ್ ದಾರಿ ಗೊತ್ತಿಲ್ಲ" ಅಂದಳು. ಅಷ್ಟೇ ಅವಳ ಪ್ರಾರ್ಥನೆ. ಆಮೇಲೆ ಹಾಡು ಹೇಳು ಅಂದಳು, ಹೇಳಿದೆ. "ಚೆನ್ನಾಗ್ ಹಾಡ್ತೀರಿ. ಆದ್ರೂ ಆವಮ್ಮ ಇನ್ನೂ ಚೆನ್ನಾಗ್ ಹಾಡೋರು" ಅಂದಳು. ಆಗಲೂ ಹೊಟ್ಟೆಕಿಚ್ಚಾಯಿತು, ಇಲ್ಲ ಎನ್ನುವುದಿಲ್ಲ.

ಅಲ್ಲಿಂದ ಮುಂದೆ ದಿನಾ ಹೋಗುತ್ತಿದ್ದೆ. ಹೋದ ಮಂಗಳವಾರ ಮಧ್ಯಾಹ್ನ ಅವಳ ಕಾಲು ತಣ್ಣಗಾಗಿತ್ತು. ಕೈ ಹಿಡಿದುಕೊಂಡು ಕೂತಿದ್ದೆ. ಕಣ್ಣು ಬಿಟ್ಟು ನನ್ನನ್ನು ನೋಡಿ, "ಆವಮ್ಮ ಸಿಗ್ತಾರಲ್ಲ, ನಿಮ್ ಕಡೆಯಿಂದ ಏನ್ ಯೋಳ್ಲಿ?" ಅಂದಳು. ಹಾನುಬಾಳಿಗೆ ಸಾಮಾನಿಗೆ ಹೋಗುವವಳು ಕೇಳುವ ಹಾಗೆ ಕೇಳಿದಳು ಅಕ್ಕ.

ಬಾಯಿಗೆ ಬಂದದ್ದು ಹೇಳಿದೆ: "ನನಗೆ ಅವರನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ಹೇಳು."

"ಅಷ್ಟ್ ದೂರ ಹೊತ್ಕಂಡ್ ಹೋಗೋ ಮಾತಾ ಅದು? ಬ್ಯಾರೆ ಏನಾರ ಯೋಳಿ."

ತಣ್ಣಗಿದ್ದ ಕಾಲಿಗೆ ಕಂಬಳಿ ಎಳೆದು ಹೊದಿಸಿದೆ. ಅವಳು ಕಾಯುತ್ತಿದ್ದಳು. ಕಡೆಗೆ, "ರೈಟರು ಚೆನ್ನಾಗಿದ್ದಾರೆ ಅಂತ ಹೇಳು. ಬಿ.ಪಿ. ಮಾತ್ರೆ ತಪ್ಪಿಸಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರೆ, ಚಿಂತೆ ಮಾಡಬೇಡಿ ಅಂತ ಹೇಳು" ಅಂದೆ. ಹೇಳುವಾಗ ಅಳು ಬಂತು. ಗಂಡನನ್ನು ಬಿಟ್ಟು ಹೋದ ಹೆಂಗಸಿಗೆ ಕೇಳಬೇಕೆನ್ನಿಸುವುದು ಅದೇ ಅಲ್ಲವೇ? ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

"ಯೋಳ್ತೀನಿ" ಅಂದಳು. ಸಂಜೆ ಆಳುಗಳು ತೋಟದಿಂದ ಬರುವ ಹೊತ್ತಿಗೆ ಹೋಗಿದ್ದಳು.

ಮಂಜುನಾಥ ತಮ್ಮ ಪದ್ಧತಿಯಂತೆ ಮಣ್ಣು ಮಾಡಿದ. ನಾನೂ ಸುರೇಂದ್ರ ಅವರೂ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು. ನಿನ್ನೆ ಶನಿವಾರ, ಅಂದು ನಂಜಮ್ಮನ ಹಿಂದೆ ಎದ್ದು ಹೋಗಿದ್ದ ಮೂವರೂ ಬಂದು ಜಗಲಿಯಲ್ಲಿ ಕೂತರು. ಅವತ್ತು ಓದಿದ ಭಾಗವನ್ನೇ ಮತ್ತೆ ಓದಿದೆ, ನಾನು ಸೇರಿಸಿದ್ದ ಮಾತು ಬಿಟ್ಟು.

ನಿಮ್ಮ
ಮೋನಿಕಾ


ಬೆಟಗೇರಿ,
೫ ಮಾರ್ಚ್ ೨೦೨೫

ನನ್ನ ಮೋನಿಕಾ,

ನಿನ್ನ ಕಾಗದ ಓದಿ ಮೊದಲು ದೇವರನ್ನು ಸ್ತುತಿಸಿದೆ. ಆಮೇಲೆ ನಿನ್ನ ಮೇಲೆ ವಿಪರೀತ ಕೋಪ ಬಂತು.

ನಂಜಮ್ಮ ಕೇಳಿದಳು, ನೀನು ಹೇಳಿಕಳಿಸಿದೆ. ಬಿ.ಪಿ. ಮಾತ್ರೆಯ ಸಮಾಚಾರ ಸಮೇತ! ಬೆಟಗೇರಿಯಲ್ಲಿ ರಶ್ಮಿತಾಳ ಒಡಹುಟ್ಟಿದ ಮುದುಕಿಯೊಬ್ಬಳಿದ್ದಾಳೆ, ಅವಳದೂ ಒಂದು ಮಾತಿರಬಹುದು ಎಂದು ನಿನಗೆ ಒಂದು ಸಲವಾದರೂ ಹೊಳೆಯಿತೇ? ತಂಗಿ ಹೋದಂದಿನಿಂದ ಅವಳಿಗೆ ಒಂದು ಮಾತು ಹೇಳಬೇಕೆಂದು ನಾನು ಹಂಬಲಿಸುತ್ತಿದ್ದೇನೆ. ನಂಬಿಕಸ್ಥರೊಬ್ಬರು ಹೊರಟಿದ್ದರು, ಅವರ ಕೈ ಹಿಡಿದುಕೊಂಡು ಕೂತದ್ದು ನೀನು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗಿದೆ, ಮುಚ್ಚಿಡುವುದಿಲ್ಲ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ನನ್ನ ಮಾತೇನೂ ದೊಡ್ಡದಲ್ಲ. "ಬಂದವಳು ಒಳ್ಳೆಯವಳು ಕಣೆ ರಶ್ಮಿ, ಇನ್ನು ಮುನಿಸು ಬಿಡು." ಅಷ್ಟೇ.

ಇನ್ನು ಯಾರ ಕೈಯಲ್ಲೂ ಹೇಳಿಕಳಿಸುವುದಿಲ್ಲ. ನಾನೇ ಹೋಗಿ ಹೇಳುತ್ತೇನೆ.

ಸುಕುಮಾರಿ ಅಕ್ಕ